ಸ್ಲ್ಯಾಬಿನಡಿಯ ನೀರು

ಬೆಳ್ಳಾರೆಯ ಒಂದು ಅಡಿಕೆ ಮಂಡಿಯಲ್ಲಿ ತೂಕದ ಮೇಜಿನ ಹಿಂದೆ ಕೂತು ನನ್ನ ಅರ್ಧ ಆಯುಷ್ಯ ಕಳೆದಿದೆ. ಗೋಣಿಯ ಬಾಯಿ ಬಿಚ್ಚಿದ ಕೂಡಲೇ ಕಾಣುವುದು ಯಾವಾಗಲೂ ಒಳ್ಳೆಯ ಅಡಿಕೆಯೇ. ಮೊಣಕೈಯವರೆಗೆ ತೋಳು ಇಳಿಸಿ ತಳದಿಂದ ಒಂದು ಹಿಡಿ ಎತ್ತಿದರೆ ಮಾತ್ರ ಕರಿಗೋಟು, ಒಡಕು, ಸರಿಯಾಗಿ ಒಣಗದ್ದು ಎಲ್ಲ ಕೈಗೆ ಬರುತ್ತದೆ. ತಂದವರು ದೇವರಂಥ ಮನುಷ್ಯರೇ ಇರಬಹುದು, ನಾನು ತಳಕ್ಕೆ ಕೈ ಹಾಕದೆ ಬಿಟ್ಟದ್ದಿಲ್ಲ. ಕೆಲಸ ಬಿಟ್ಟ ಮೇಲೂ ಈ ಗುಣ ನನ್ನನ್ನು ಬಿಡಲಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಸೇರಿಸಿದ್ದಾನೆ ಎಂದುಕೊಳ್ಳುತ್ತೇನೆ. ನಗದಿದ್ದರೆ, ಸಿಕ್ಕಿಬೀಳುವ ಹೆದರಿಕೆ ಇರಬೇಕು ಎಂದುಕೊಳ್ಳುತ್ತೇನೆ. "ನಿನ್ನ ಹತ್ರ ಮಾತಾಡುದು ಅಂದ್ರೆ ಪೊಲೀಸ್ ಸ್ಟೇಷನಿಗೆ ಹೋದ ಹಾಗೆ ಅಕ್ಕ" ಎಂದು ನನ್ನ ತಂಗಿ ಹೇಳುವುದುಂಟು.

ನಮ್ಮದು ಪುತ್ತೂರು ಪೇಟೆಯ ಒಂದು ಇಳಿಜಾರಿನ ಓಣಿ. ಎಲ್ಲರಿಗಿಂತ ತಗ್ಗಿನಲ್ಲಿರುವುದು ನನ್ನ ಮನೆ. ಅದರ ಮೇಲಿನದು ತಂಗಿಯದು. ತಂಗಿಯ ಮೇಲಿನದು ಒಂದು ಬ್ಯಾರಿ ಮುಸ್ಲಿಂ ಕುಟುಂಬದ್ದು. ಗಂಡ ದುಬಾಯಿಯಲ್ಲಿ, ಹೆಂಡತಿ ಮಕ್ಕಳು ಇಲ್ಲಿ. ತಾಯಿಯ ಜಾಗ ಹೆಣ್ಣುಮಕ್ಕಳಿಗೆ ಬರುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದ ಕ್ರಮ. ಹಾಗೆ ಅಮ್ಮನ ಜಾಗ ನಮ್ಮಿಬ್ಬರಿಗೆ ಪಾಲಾಗುವಾಗ ಬಾವಿ ನನ್ನ ಕಡೆಗೆ ಬಂತು. ನೀರು ಮಾತ್ರ ಇಬ್ಬರಿಗೂ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದಳು. ಅಂದಿನಿಂದ ಒಂದೇ ಬಾವಿಗೆ ಎರಡು ಪಂಪು. ಯಜಮಾನರು ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ.

ಕಳೆದ ಬೇಸಿಗೆಯಲ್ಲಿ ಅಮ್ಮನಿಗೆ ಹೊಟ್ಟೆ ಕೆಟ್ಟಿತು. ಹಲಸಿನ ಹಣ್ಣು ಹೆಚ್ಚಾಗಿದೆ ಎಂದು ಮೊದಲು ಬೈದೆ. ಮರುದಿನ ಅವಳಿಗೆ ಎದ್ದು ನಿಲ್ಲಲಿಕ್ಕೇ ಆಗಲಿಲ್ಲ. ಆಸ್ಪತ್ರೆಗೆ ಸೇರಿಸಿ ಗ್ಲುಕೋಸ್ ಹಾಕಿಸಿ ಮನೆಗೆ ಕರೆತಂದರೆ, ವಾರ ಕಳೆಯುವುದರೊಳಗೆ ಪುನಃ ಅದೇ. ಎರಡನೇ ಸಲ ಡಾಕ್ಟರರು ನನ್ನನ್ನು ಹೊರಗೆ ಕರೆದು, "ಕುಡಿಯುವ ನೀರು ಯಾವುದು?" ಎಂದು ಕೇಳಿದರು. ಬಾವಿಯದ್ದು ಎಂದೆ. "ಮೊದಲು ಅದನ್ನು ನೋಡಿ. ಈ ಪ್ರಾಯದಲ್ಲಿ ಇನ್ನೊಂದು ಸಲ ಹೀಗಾದ್ರೆ ಕಷ್ಟ ಉಂಟು" ಎಂದರು.

ಮನೆಗೆ ಬಂದವಳೇ ಒಂದು ಬಿಂದಿಗೆ ನೀರೆಳೆದು ಮೂಗಿನ ಹತ್ತಿರ ಹಿಡಿದೆ. ಸಾಬೂನಿನದೂ ಕೊಳೆತದ್ದರದೂ ಸೇರಿದ ಒಂದು ತೆಳು ವಾಸನೆ. ನಾನು ಅಡುಗೆಮನೆಯ ಫಿಲ್ಟರಿನ ನೀರು ಕುಡಿಯುವವಳು, ನನಗೆ ಇದು ಗೊತ್ತೇ ಆಗಿರಲಿಲ್ಲ. ಅಮ್ಮನಿಗೆ ಫಿಲ್ಟರ್ ಆಗದು. ಕಾಯಿಸಿದ್ದು ಸತ್ತ ನೀರಂತೆ, ನಳ್ಳಿಯದ್ದು ಮದ್ದಿನ ನೀರಂತೆ. ಅವಳ ಹೂಜಿಗೆ ಕದ್ದು ಫಿಲ್ಟರ್ ನೀರು ತುಂಬಿಸಿಟ್ಟರೆ ಒಂದು ಗುಟುಕು ಕುಡಿದು ಉಳಿದದ್ದನ್ನು ತುಳಸಿಗೆ ಹೊಯ್ದು, ಗೋಡೆ ಹಿಡಿದುಕೊಂಡು ಬಾವಿಕಟ್ಟೆಗೆ ಹೊರಡುತ್ತಿದ್ದಳು. ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೆ. "ನಾನು ತೋಡಿಸಿದ ಬಾವಿಯ ನೀರು ಕುಡಿಯಲಿಕ್ಕೆ ನಿನ್ನ ಅಪ್ಪಣೆ ಬೇಕಾ?" ಎಂದು ಎರಡು ಹೊತ್ತು ಊಟ ಬಿಟ್ಟು ಕೂತಳು. ಹಗ್ಗ ಪುನಃ ಕಟ್ಟಿದೆ. ಅವಳು ಚೆಂಬೆತ್ತಿ ಗಟಗಟನೆ ಕುಡಿದಳು. ಇವಳ ಬಾಯಿಯಿಂದ ಬಾವಿಯನ್ನು ಬಿಡಿಸುವುದು ಆಗದ ಕೆಲಸ. ಬಾವಿಯಿಂದ ಆ ಕೊಳಕನ್ನು ಬಿಡಿಸುವುದೊಂದೇ ಉಳಿದ ದಾರಿ.

ಕೊಳಕು ಬರುವ ದಾರಿ ಹುಡುಕಲಿಕ್ಕೆ ಕಷ್ಟವಾಗಲಿಲ್ಲ. ನಮ್ಮ ಕಂಪೌಂಡ್ ಗೋಡೆಗೆ ತಾಗಿಕೊಂಡೇ ಓಣಿಯ ಚರಂಡಿ ಹೋಗುತ್ತದೆ, ಗೋಡೆಯ ಈಚೆಗೆ ಬಾವಿ. ಚರಂಡಿ ಇರುವುದು ಮಳೆನೀರಿಗೆ ಮಾತ್ರ. ಬಚ್ಚಲು ನೀರನ್ನು ಅವರವರ ಹಿತ್ತಿಲಿನಲ್ಲೇ ಹೊಂಡ ತೋಡಿ ಇಂಗಿಸಬೇಕು. ನನ್ನದು ಬಾಳೆಬುಡದ ಹೊಂಡಕ್ಕೆ ಹೋಗುತ್ತದೆ. ಮೇ ತಿಂಗಳ ಬಿಸಿಲಿಗೆ ಓಣಿಯ ಚರಂಡಿ ಸೌದೆಯ ಹಾಗೆ ಒಣಗಿರಬೇಕಿತ್ತು. ನನ್ನ ಗೋಡೆಯ ಬದಿಯಲ್ಲಿ ಮಾತ್ರ ಕೆಸರು, ಕೆಸರಿನಲ್ಲಿ ಪತ್ರೊಡೆ ಮಾಡಲಿಕ್ಕೆಂದೇ ಬೆಳೆಸಿದ ಹಾಗೆ ಕೆಸುವಿನ ಎಲೆಗಳು! ಯಾರದೋ ಬಚ್ಚಲಿನ ನೀರು ಬರುತ್ತಿತ್ತು, ಮುರಕಲ್ಲಿನ ಬಿರುಕಿನಲ್ಲಿ ಒಸರಿ ನನ್ನ ಬಾವಿಗೆ ಇಳಿಯುತ್ತಿತ್ತು.

ಯಾರದು ಎಂಬುದು ಕಾಣುವ ಹಾಗಿರಲಿಲ್ಲ. ತಂಗಿಯ ಮನೆಯವರೂ ಮೇಲಿನ ಮನೆಯವರೂ ಕಾರು ನಿಲ್ಲಿಸಲಿಕ್ಕೆಂದು ತಮ್ಮ ಎದುರಿನ ಚರಂಡಿಗೆ ಉದ್ದಕ್ಕೂ ಸ್ಲ್ಯಾಬ್ ಹಾಕಿ ಸಿಮೆಂಟು ಮೆತ್ತಿದ್ದರು. ಅವರಿಂದ ಮೇಲೆ ಚರಂಡಿ ತೆರೆದೇ ಇತ್ತು, ಒಣಗಿಯೂ ಇತ್ತು. ನೀರು ಆ ಸ್ಲ್ಯಾಬುಗಳ ಅಡಿಯಿಂದ ಬಂದು ನನ್ನಲ್ಲಿ ಬಾಯಿ ಬಿಡುತ್ತಿತ್ತು. ತಂಗಿಗೆ ಸಂಶಯವೇ ಇರಲಿಲ್ಲ. "ಮೇಲಿನವರದ್ದೇ ಅಕ್ಕ. ಕೋಣೆಗೊಂದು ಬಾತ್‌ರೂಮ್ ಉಂಟು ಅಲ್ಲಿ. ಮಗಳ ಮದುವೆಗೆ ಎಷ್ಟು ಜನ ಬಂದು ಹೋದ್ರು! ಆ ನೀರೆಲ್ಲ ಎಲ್ಲಿಗೆ ಹೋಯ್ತು ಹೇಳು?" ಎಂದು ಗೇಟಿನ ಹತ್ತಿರ ನಿಂತು ಪಿಸುಗುಟ್ಟಿದಳು. ನನಗೂ ಅದೇ ಸರಿ ಕಂಡಿತು. ತಂಗಿಯ ಮೇಲೆ ಸಂಶಯಪಡುವ ಪ್ರಶ್ನೆಯೇ ಬರಲಿಲ್ಲ. ತಾನೇ ಕುಡಿಯುವ ಬಾವಿಗೆ ಯಾರಾದರೂ ಬಚ್ಚಲು ನೀರು ಬಿಡುತ್ತಾರೆಯೇ? ಮೇಲಿನವರಿಗಾದರೆ ಅವರದ್ದೇ ಕೊಳವೆಬಾವಿ ಇದೆ, ನಮ್ಮ ನೀರು ಕೆಟ್ಟರೆ ಅವರಿಗೇನಾಗಬೇಕು?

ಅಂದಿನಿಂದ ನನ್ನ ಕಣ್ಣು ಮೇಲಿನ ಮನೆಯ ಮೇಲೆಯೇ. ತಾರಸಿಯಲ್ಲಿ ಹಪ್ಪಳ ಒಣಗಿಸುವ ನೆವದಲ್ಲಿ ನಿಂತು ಅವರಲ್ಲಿ ವಾಷಿಂಗ್ ಮೆಷಿನ್ ಯಾವಾಗ ಸದ್ದು ಮಾಡುತ್ತದೆ ಎಂದು ಕಿವಿಗೊಟ್ಟೆ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಚರಂಡಿಯಲ್ಲಿ ನೀರಾಡಿದರೆ, ಸಿಕ್ಕಿಬಿದ್ದಳು ಎಂದುಕೊಂಡೆ. ನೀರಾಡದಿದ್ದರೆ, ನಾನು ನೋಡುವುದು ಗೊತ್ತಾಗಿ ತಡೆಹಿಡಿದಿದ್ದಾಳೆ ಎಂದುಕೊಂಡೆ. ಒಂದು ದಿನ ತಾಳಲಾರದೆ ಅವಳ ಗೇಟಿಗೇ ಹೋಗಿ, "ನಿಮ್ಮ ಬಚ್ಚಲು ನೀರು ಎಲ್ಲಿಗೆ ಹೋಗುದು ಮಾರಾಯ್ತಿ?" ಎಂದು ಕೇಳಿದೆ.

ಅವಳು ಮೀನು ಕೊಳ್ಳುತ್ತಿದ್ದಳು. ಬಂಗುಡೆಯ ಕಿವಿರು ಎತ್ತಿ ನೋಡುತ್ತಲೇ, "ನಿಮ್ಮದು ಎಲ್ಲಿಗೆ ಹೋಗ್ತದೆ ಅಂತ ನಾನು ಯಾವತ್ತಾದ್ರೂ ಕೇಳಿದ್ದುಂಟಾ ಅಕ್ಕ?" ಎಂದಳು. "ನಿಮ್ಮ ಆ ಕೆಸುವಿನ ಕಾಡಿನಿಂದ ಸಂಜೆಯಾದ್ರೆ ಎಷ್ಟು ಸೊಳ್ಳೆ ಬರ್ತದೆ ಗೊತ್ತುಂಟಾ? ನಾನು ಬಾಯಿ ಬಿಟ್ಟಿದ್ದೇನಾ?" ಕೆಸುವನ್ನು ಬೆಳೆಸುತ್ತಿರುವುದು ನಾನಲ್ಲ, ನೀನು ಎಂದೆ. ಮೀನಿನವನು ತಕ್ಕಡಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ನಾವು ಮಾತು ಬಿಟ್ಟೆವು. ಅವಳು ಪಾಪದವಳೇನಲ್ಲ, ಜಗಳಕ್ಕೆ ನಿಂತರೆ ನನಗೇ ಸರಿಸಮ.

ಮೇ ಕೊನೆಯ ಪತ್ತನಾಜೆ ಹತ್ತಿರ ಬಂತು. ಅದು ಕಳೆದರೆ ನಮ್ಮ ಕಡೆ ಯಕ್ಷಗಾನದ ಆಟ, ದೈವದ ನೇಮ ಎಲ್ಲ ನಿಲ್ಲುತ್ತದೆ, ಮಳೆ ಯಾವ ದಿನವೂ ಹಿಡಿಯಬಹುದು. ನಗರಸಭೆಯ ರಿಕ್ಷಾ ಮೈಕ್ ಕಟ್ಟಿಕೊಂಡು ಓಣಿ ಓಣಿ ಸುತ್ತಿತು: ಮನೆಯೆದುರಿನ ಚರಂಡಿಯನ್ನು ಆಯಾ ಮನೆಯವರೇ ಸ್ವಚ್ಛ ಮಾಡಬೇಕು, ಮನೆಯ ಕೊಳೆನೀರು ಚರಂಡಿಗೆ ಬಿಟ್ಟರೆ ಕ್ರಮ ಜರಗಿಸಲಾಗುವುದು. ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಇಳಿಯುವುದೆಂದು ಓಣಿಯ ವಾಟ್ಸಪ್ ಗುಂಪಿನಲ್ಲಿ ತೀರ್ಮಾನವಾಯಿತು. ಕೆಲಸ ಮಾಡುವವರಿಗೆ ಸಜ್ಜಿಗೆ, ಅವಲಕ್ಕಿ ತನ್ನದು ಎಂದು ತಂಗಿ ಬರೆದಳು. ಓಣಿಯೆಲ್ಲ ಅವಳಿಗೆ ಕೈಮುಗಿದ ಚಿತ್ರ ಕಳಿಸಿತು.

ಭಾನುವಾರ ಹಾರೆ, ಪಿಕ್ಕಾಸು, ಬುಟ್ಟಿ ಹಿಡಿದು ಜನ ಇಳಿದರು. ಆ ಬೆಳಿಗ್ಗೆ ಮನುಷ್ಯರ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಗುವಂಥದ್ದೇನೂ ನಡೆಯಲಿಲ್ಲ. ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಒಡೆದ ಬಾಟಲಿ, ಒಂಟಿ ಚಪ್ಪಲಿ, ಏನು ಸಿಕ್ಕಿದರೂ ಅದು "ಮೇಲಿಂದ ಬಂದದ್ದು." ಮಗುವಿನ ಡಯಪರ್ ಸಿಕ್ಕಿದಾಗ, ಓಣಿಯಲ್ಲಿ ಕೂಸಿರುವ ಒಂದೇ ಒಂದು ಮನೆಯ ಗಂಡಸು ಮೂಗು ಮುಚ್ಚಿಕೊಂಡು, "ಥೂ, ಎಂಥ ಜನ ಮಾರಾಯ್ರೆ!" ಎಂದ. ಓಣಿಯ ಮೇಲ್ತುದಿಯ ಕೊನೆಯ ಮನೆಯವರಿಗೆ ತೋರಿಸಲಿಕ್ಕೆ ಮೇಲೆ ಯಾರೂ ಇಲ್ಲದ ಕಾರಣ, ಅವರದು ರಸ್ತೆಯಿಂದ ಬಂತು.

ಎಲ್ಲ ಸೇರಿ ನನ್ನ ಗೋಡೆಯ ಹತ್ತಿರ ಬಂದಾಗ ಕೆಸುವಿನ ನಡುವೆ ಸಾಬೂನಿನ ನೊರೆ ಎಲ್ಲರಿಗೂ ಕಂಡಿತು. ಸ್ಲ್ಯಾಬ್ ಎಬ್ಬಿಸಿ ನೋಡಬೇಕಾದರೆ ಜೆಸಿಬಿಯೇ ಬೇಕು ಎಂದರು. ನಾನು ಸೆರಗಿನಡಿಯಿಂದ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತೆಗೆದೆ. ಬಚ್ಚಲಿಗೆ ನೀಲಿ ಹೊಯ್ದು ನಳ್ಳಿ ಬಿಡುವುದು. ಕೆಳಗೆ ನೀಲಿ ಬಂದರೆ ನೀರು ಆ ಮನೆಯದ್ದು. "ಮೊದಲು ಮೇಲಿನ ಮನೆ" ಎಂದೆ. "ಹೌದು, ಅಲ್ಲಿಂದಲೇ ಆಗ್ಲಿ" ಎಂದು ತಂಗಿಯೂ ಹೇಳಿ, ಅವಲಕ್ಕಿ ಕಲಸಲಿಕ್ಕೆ ಒಳಗೆ ಹೋದಳು. ಉಳಿದವರು ನನ್ನ ಗೋಡೆಯ ಬದಿಯ ಚರಂಡಿಗೆ ಬಗ್ಗಿ ನಿಂತರು.

ಮೇಲಿನ ಮನೆಯಾಕೆ ಬಾಗಿಲು ಅಗಲಕ್ಕೆ ತೆರೆದಳು. "ಬನ್ನಿ ಅಕ್ಕ. ಎಲ್ಲ ಬಾತ್‌ರೂಮಿಗೂ ಹೊಯ್ಯಿ. ಬೇಕಾದ್ರೆ ಕಪಾಟು ಕೂಡ ತೆಗೆದು ನೋಡಿ." ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಹೊಯ್ದು ನಳ್ಳಿ ಬಿಟ್ಟೆ. ಕೆಳಗಿನಿಂದ ಸದ್ದಿಲ್ಲ. ಅವಳು ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಹೊಂಡದ ಮುಚ್ಚಳ ಸರಿಸಿದಳು. ಪೈಪಿನ ಬಾಯಿಯಿಂದ ನೀಲಿ ನೀರು ಧಾರೆಯಾಗಿ ಆ ಹೊಂಡಕ್ಕೆ ಬೀಳುತ್ತಿತ್ತು. "ಕಂಡಿತಾ?" ಎಂದಳು. ಕಂಡಿತು. "ಇದಲ್ಲದೆ ಬೇರೆ ಪೈಪ್ ಉಂಟಾ?" ಎಂದು ಆಗಲೂ ಕೇಳಿದೆ. ಅವಳಿಗೆ ಸಿಟ್ಟಿನಲ್ಲೇ ನಗು ಬಂತು.

"ಬಾಟ್ಲಿಯಲ್ಲಿ ಇನ್ನೂ ಉಂಟು ಅಕ್ಕ. ನಿಮ್ಮ ತಂಗಿಯಲ್ಲಿ ಹೊಯ್ದು ನೋಡಿದ್ದೀರಾ?"

"ಅವಳು ನನ್ನ ಬಾವಿಯದ್ದೇ ನೀರು ಕುಡಿಯುದು."

"ಕುಡಿಯುವ ನೀರಿನ ವಿಷಯ ಅಲ್ಲ ನಾನು ಕೇಳಿದ್ದು. ಬಿಡುವ ನೀರಿನದ್ದು."

ಬಾಟಲಿ ಹಿಡಿದುಕೊಂಡು ಇಳಿದೆ. ಇವಳು ತನ್ನ ಮೇಲಿನ ಅಪವಾದವನ್ನು ನಮ್ಮ ಮೇಲೆ ಹಾಕಲಿಕ್ಕೆ ನೋಡುತ್ತಿದ್ದಾಳೆ ಎಂದು ಮೊದಲು ಸಿಟ್ಟು ಬಂತು. ತಂಗಿಯ ಗೇಟಿನೆದುರು ಬಂದಾಗ ಕಾಲು ತಾನಾಗಿ ನಿಂತಿತು. ಮಹಡಿಯ ಮೇಲೆ ತಂತಿಗಳಲ್ಲಿ ಸಾಲು ಸಾಲು ಚೂಡಿದಾರಗಳು ಒಣಗುತ್ತಿದ್ದವು. ನರ್ಸಿಂಗ್ ಓದುವ ಹುಡುಗಿಯರಿಗೆ ಅದರ ಹಿಂದಿನ ವರ್ಷ ಅವಳು ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದಳು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಹಳೆಯ ಬಾಳೆಬುಡವನ್ನು ತೆಗೆಸಿದ್ದಳು. ಆ ಬಾಳೆಯ ಬುಡದಲ್ಲಿದ್ದ ಹೊಂಡವನ್ನು ಏನು ಮಾಡಿದಳು? ಇಷ್ಟು ದಿನ ನಾನು ಇದನ್ನು ಕೇಳಿಯೇ ಇರಲಿಲ್ಲ.

"ಕಾಲೆಲ್ಲ ಕೆಸರು, ತೊಳೆದು ಬರ್ತೇನೆ" ಎಂದು ಅಡುಗೆಮನೆಯತ್ತ ಕೂಗಿ ಬಚ್ಚಲಿಗೆ ಹೋದೆ. ಉಳಿದ ನೀಲಿಯನ್ನೆಲ್ಲ ತೂಬಿಗೆ ಸುರಿದೆ. ಅವಸರದಲ್ಲಿ ಅರ್ಧ ಅಂಗೈ ಮೇಲೆಯೇ ಚೆಲ್ಲಿತು. ನಳ್ಳಿ ತಿರುಗಿಸಿ ನಿಂತೆ. ಬರಬಾರದು, ಇದೊಂದು ಸಲ ನನ್ನ ಸಂಶಯ ಸುಳ್ಳಾಗಬೇಕು ಎಂದು ಬೇಡಿಕೊಂಡೆ.

"ಬಂತು! ನೀಲಿ ಬಂತು!" ಓಣಿಯಲ್ಲಿ ಬೊಬ್ಬೆ ಎದ್ದಿತು.

ನಾನು ಹೊರಗೆ ಬರುವಷ್ಟರಲ್ಲಿ ತಂಗಿ ಸೌಟು ಹಿಡಿದುಕೊಂಡೇ ಜಗಲಿಗೆ ಓಡಿ ಬಂದಿದ್ದಳು. ಎಲ್ಲರ ಮುಖ ಮೇಲಿನ ಮನೆಯ ಕಡೆಗಿತ್ತು. ಅಲ್ಲಿ ಹೊಯ್ದ ನೀಲಿಯೇ ತಡವಾಗಿ ಇಳಿದು ಬಂದಿದೆ ಎಂದು ಎಲ್ಲರೂ ತಿಳಿದಿದ್ದರು. "ನಾನು ಆವಾಗಲೇ ಹೇಳಿರ್ಲಿಲ್ವಾ?" ಎಂದಳು ತಂಗಿ, ಓಣಿಗೆಲ್ಲ ಕೇಳುವ ಹಾಗೆ. "ಅಷ್ಟು ದೊಡ್ಡ ಮನೆ, ಅಷ್ಟು ಪೈಪು. ನೀರು ಬರ್ಲಿಕ್ಕೆ ಸ್ವಲ್ಪ ಹೊತ್ತು ಬೇಡ್ವಾ?"

ಮೇಲಿನ ಮನೆಯಾಕೆ ತನ್ನ ಗೇಟಿನಲ್ಲಿ ನಿಂತಿದ್ದಳು. ಹೊಂಡ ತೋರಿಸುತ್ತೇನೆ ಬನ್ನಿ ಎಂದು ಯಾರನ್ನೂ ಕರೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಅಷ್ಟೇ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತಲ್ಲ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಒಡಹುಟ್ಟಿದವಳು. ಆದರೆ ಹಾಗೆ ಮುಗಿಸಿದರೆ ಪೈಪು ಅಲ್ಲೇ ಇರುತ್ತದೆ, ಅಮ್ಮ ನಾಳೆಯೂ ಅದೇ ಚೆಂಬೆತ್ತುತ್ತಾಳೆ. ನಾನು ನೀಲಿಯಾದ ಅಂಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿದೆ. "ಇದು ಅಲ್ಲಿಯದ್ದಲ್ಲ. ಅಲ್ಲಿಯದ್ದು ಅವರ ಹೊಂಡಕ್ಕೇ ಹೋಗ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಇದು ಈಗ ನಾನು ಇಲ್ಲಿ ಹೊಯ್ದದ್ದು" ಎಂದೆ.

ಒಬ್ಬರು ಹಾರೆಗೆ ಮೆತ್ತಿದ ಕೆಸರು ಕೆರೆಯತೊಡಗಿದರು. ಮೇಲಿನ ಮನೆಯಾಕೆ ಗೇಟು ಹಾಕಿಕೊಂಡು ಒಳಗೆ ಹೋದಳು. ನಾನು ಅವಳ ಕ್ಷಮೆ ಕೇಳಲಿಲ್ಲ, ಅವಳಿಗೂ ಅದು ಬೇಕಾದ ಹಾಗೆ ಕಾಣಲಿಲ್ಲ. ತಂಗಿಯ ಗಂಡ ನಾಳೆಯೇ ಜನ ಕರೆಸಿ ಹೊಂಡ ತೋಡಿಸುತ್ತೇನೆ, ಪೈಪು ಮುಚ್ಚಿಸುತ್ತೇನೆ ಎಂದು ನೆಲ ನೋಡುತ್ತಾ ಹೇಳಿದ. ಸಜ್ಜಿಗೆ, ಅವಲಕ್ಕಿ ತಿನ್ನಲಿಕ್ಕೆ ಯಾರೂ ನಿಲ್ಲಲಿಲ್ಲ.

ತಂಗಿಯ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳು ಒಲೆಯ ಕಡೆ ತಿರುಗಿ ಅಳುತ್ತಿದ್ದಳು. ಹೊಂಡ ತುಂಬಿ ವಾಸನೆ ಬರುತ್ತಿತ್ತು, ಇಂಟರ್‌ಲಾಕ್ ಹಾಕುವವರೇ ಚರಂಡಿಗೆ ಪೈಪು ಕೊಡುವ ಉಪಾಯ ಹೇಳಿದರು, ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗ್ತದೆ ಅಂದುಕೊಂಡೆವು ಎಂದಳು. ನನ್ನ ಸಿಟ್ಟು ಅರ್ಧ ಇಳಿದೇ ಹೋಗಿತ್ತು. ಗೊತ್ತಾಗದೆ ಮಾಡಿದ್ದಾಳೆ, ಅವಳೂ ಅದೇ ನೀರು ಕುಡಿದಿದ್ದಾಳಲ್ಲ, ಪುಣ್ಯಕ್ಕೆ ಮಕ್ಕಳಿಗೇನೂ ಆಗಲಿಲ್ಲ ಎಂದು ಯೋಚಿಸುತ್ತಿದ್ದೆ. ಆಗ ಗ್ಯಾಸ್ ಸಿಲಿಂಡರಿನ ಪಕ್ಕ ಒಂದರ ಮೇಲೊಂದು ಇಟ್ಟ ನೀರಿನ ಕ್ಯಾನುಗಳು ಕಣ್ಣಿಗೆ ಬಿದ್ದವು. ಅಂಗಡಿಯಿಂದ ತರಿಸುವ ದೊಡ್ಡ ಕ್ಯಾನುಗಳು. ಒಂದಕ್ಕೆ ನಳ್ಳಿ ಸಿಕ್ಕಿಸಿತ್ತು, ಕೆಳಗೆ ಮಕ್ಕಳ ಶಾಲೆಯ ಬಾಟಲಿಗಳಿದ್ದವು.

"ಇದು ಯಾವಾಗಿಂದ?" ಎಂದು ಕೇಳಿದೆ.

ಅವಳು ತಿರುಗಲಿಲ್ಲ. "ಬಿಸು ಕಳೆದ ಮೇಲೆ. ಮಹಡಿಯ ಹುಡುಗಿಯರು ನೀರು ವಾಸನೆ ಬರ್ತದೆ ಅಂದ್ರು."

ಅಮ್ಮ ಮೊದಲ ಸಲ ಆಸ್ಪತ್ರೆ ಸೇರಿದ್ದು ಬಿಸು ಹಬ್ಬ ಕಳೆದು ಎಷ್ಟೋ ದಿನಗಳಾದ ಮೇಲೆ. ಆಗ ಮಂಚದ ಪಕ್ಕ ಕೂತು ಅಮ್ಮನ ಕಾಲು ಒತ್ತಿದವಳು ಇವಳೇ.

"ನನಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮಲ್ಲಿ ಫಿಲ್ಟರ್ ಉಂಟಲ್ಲ ಅಂತ..."

"ಅಮ್ಮ ಫಿಲ್ಟರ್ ನೀರು ಮುಟ್ಟುದಿಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಹೇಳಿದ್ರೆ ನೀನು ಯಾಕೆ, ಏನು, ಎಲ್ಲಿಂದ ಅಂತ ಬುಡ ಅಗೆಯದೆ ಬಿಡ್ತಿದ್ದೆಯಾ ಅಕ್ಕ?" ಎಂದಳು. ಮಂಡಿಯಲ್ಲಾಗಿದ್ದರೆ ಅಂಥ ಗೋಣಿಯನ್ನು ಬೀದಿಗೆ ಸುರಿಸಿಬಿಡುತ್ತಿದ್ದೆ. ಮನೆಗೆ ಬಂದೆ.

ಅಮ್ಮ ಜಗಲಿಯ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದಳು. ಎರಡು ಸಲ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅವಳ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬೊಬ್ಬೆ ಕೇಳಿಸಿಕೊಂಡಿದ್ದಳು. ನನ್ನ ಅಂಗೈ ನೋಡಿ, "ಯಾರದ್ದಂತೆ?" ಎಂದಳು.

ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಅವಳಿಗೂ ಗೊತ್ತಾಗಲಿ ಎಂಬ ಕೆಟ್ಟ ಹಟವೂ ಇತ್ತು. ತಂಗಿಯ ಹೆಸರು ಹೇಳಿದೆ.

ಅಮ್ಮ ಮಂಚದ ಪಟ್ಟಿ ಹಿಡಿದು ಗಡಿಬಿಡಿಯಿಂದ ಏಳಲಿಕ್ಕೆ ನೋಡಿದಳು. "ಅಯ್ಯೋ, ಅವಳೂ ಇದೇ ಬಾವಿಯ ನೀರಲ್ಲವಾ ಕುಡಿಯುದು? ಸಣ್ಣ ಮಕ್ಕಳಿರುವ ಮನೆ. ಇಲ್ಲಿ ಎಂತ ನೋಡ್ತಾ ನಿಂತಿದ್ದಿ? ಓಡಿ ಹೋಗಿ ಹೇಳು, ಆ ನೀರು ಕುಡಿಯಬೇಡಿ ಅಂತ!"

"ಅವಳು ಕುಡಿಯುದಿಲ್ಲ ಅಮ್ಮ" ಎಂದೆ. "ಕ್ಯಾನಿನ ನೀರು ತರಿಸ್ತಾಳೆ."

"ಹೌದಾ?" ಎಂದಳು. ಹಿಡಿದ ಉಸಿರು ಬಿಟ್ಟು ನಿಧಾನಕ್ಕೆ ದಿಂಬಿಗೆ ಒರಗಿದಳು. "ಸದ್ಯ, ಬದುಕಿದೆ" ಎಂದು ಕಣ್ಣು ಮುಚ್ಚಿದಳು. ಯಾವಾಗಿನಿಂದ ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.